ಇಷ್ಟದೇವತೆ ಅವರದೇ ಇರಲಿ, ಯಾವುದು ಎಲ್ಲಿಂದ ಬಂತೆಂದು ಹೇಳಲಿ

ಮಾನ್ಯ ಸಂಪಾದಕರೇ,

ವಿದೇಶಗಳಲ್ಲಿ ಯೋಗವನ್ನು ಮಾಟಮಂತ್ರದ ಜೊತೆ ಬೆರೆಸಿ ಕೆಡಿಸುತ್ತಿದ್ದಾರೆ, ಸರ್ಕಾರ ಮಧ್ಯೆ ಬಂದು ತಡೆಯಬೇಕು ಎಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನದ ಫೋಟೊ ಹೊಡೆದು ಮೈಸೂರಿನಿಂದ ನನ್ನ ತಂಗಿ ಕಳಿಸಿದ್ದಳು. ‘ನಿಮ್ಮೂರಿನವರ ಸುದ್ದಿ ನೋಡಕ್ಕ’ ಎಂದು ಕೆಳಗೊಂದು ಸಾಲು. ಲೇಖಕರು ಹೆಸರಿಸಿರುವ ಗ್ಲಾಸ್ಟನ್‌ಬರಿ ನನ್ನ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಅವರು ಬೈದಿರುವ ಪೇಗನ್ ಪಂಥದ ನಾಲ್ಕಾರು ಮಂದಿ ಮಂಗಳವಾರ ಸಂಜೆ ನನ್ನೆದುರೇ ಚಾಪೆ ಹಾಸಿಕೊಂಡು ಕೂರುತ್ತಾರೆ. ಹಾಗಾಗಿ ಸುಮ್ಮನಿರಲಾಗಲಿಲ್ಲ. ಪತ್ರ ಉದ್ದವೆನಿಸಿದರೆ ಕತ್ತರಿಸಿ, ಚಕ್ರಗಳ ಬಣ್ಣದ ಭಾಗವೊಂದನ್ನು ಮಾತ್ರ ಉಳಿಸಿಕೊಳ್ಳಿ.

ನಾನು ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ ಬೆಳೆದವಳು. ತಂದೆಯವರು ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು. ಮದುವೆಯಾದ ಮೇಲೆ ಇಂಗ್ಲೆಂಡಿಗೆ ಬಂದೆ. ಈಗ ಸಾಮರ್ಸೆಟ್‌ನ ವೆಲ್ಸ್ ಪಟ್ಟಣದ ಹತ್ತಿರ ಒಂದು ಹಳ್ಳಿಯ ಸಮುದಾಯ ಭವನದಲ್ಲಿ ಯೋಗ ಹೇಳಿಕೊಡುತ್ತೇನೆ.

ಲೇಖನ ಓದಿದವರ ಕಣ್ಣಿಗೆ ನಿಂಬೆಹಣ್ಣು, ಕುಂಕುಮ, ಮೂರು ದಾರಿ ಕೂಡುವ ಜಾಗವೇ ಬರುತ್ತದೆ. ಆದ್ದರಿಂದ ಈ ಜನ ಯಾರೆಂದು ಮೊದಲು ಹೇಳಿಬಿಡುತ್ತೇನೆ. ಪೇಗನ್ ಎಂದು ಕರೆದುಕೊಳ್ಳುವವರು, ಕ್ರೈಸ್ತಧರ್ಮ ಬರುವ ಮುಂಚೆ ಯುರೋಪಿನಲ್ಲಿ ಪೂಜೆಗೊಳ್ಳುತ್ತಿದ್ದ ದೇವತೆಗಳನ್ನೂ ಸೂರ್ಯ, ಚಂದ್ರ, ಹೊಳೆ, ಮರಗಳನ್ನೂ ಮತ್ತೆ ಆರಾಧಿಸಲು ಹೊರಟವರು. ಅವರಲ್ಲಿ ತಮ್ಮ ಆಚರಣೆಯನ್ನು ಮಾಟವಿದ್ಯೆಯೆಂದೇ ಕರೆದುಕೊಳ್ಳುವ ವಿಕ್ಕಾದವರು ಒಂದು ಬಗೆ, ಪ್ರಾಚೀನ ಕೆಲ್ಟ್ ಪುರೋಹಿತರ ಹೆಸರಿಟ್ಟುಕೊಂಡ ಡ್ರೂಯಿಡರು ಇನ್ನೊಂದು ಬಗೆ. ಉತ್ತರದ ಓಡಿನ್, ಥಾರ್ ದೇವತೆಗಳನ್ನು ನಂಬುವವರು ಬೇರೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಮಂದಿ ತಮ್ಮ ಧರ್ಮ ಪೇಗನ್ ಎಂದು ಬರೆಸಿದ್ದಾರೆ, ಇನ್ನೊಂದು 13,000 ಮಂದಿ ವಿಕ್ಕಾ ಎಂದಿದ್ದಾರೆ. ನನ್ನ ತರಗತಿಗೆ ಬರುವವರಲ್ಲಿ ಒಬ್ಬರು ನಿವೃತ್ತ ನರ್ಸ್, ಒಬ್ಬಾತ ಶಾಲೆಯ ಬಸ್ ಓಡಿಸುತ್ತಾನೆ, ಒಬ್ಬ ಹುಡುಗಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ. ವರ್ಷಕ್ಕೆ ಎಂಟು ಹಬ್ಬ ಮಾಡುತ್ತಾರೆ: ಎರಡು ಅಯನ, ಎರಡು ವಿಷುವ, ಅವುಗಳ ನಡುನಡುವೆ ನಾಲ್ಕು. ಅಕ್ಟೋಬರ್ 31ರಂದು ಸಾವಿನ್ ಹಬ್ಬ (ಹೆಸರು ಕೇಳಿ ಗಾಬರಿಯಾಗಬೇಡಿ). ಅಂದು ಆ ನರ್ಸ್ ತೀರಿಕೊಂಡ ಗಂಡನಿಗೆ ಊಟದ ಮೇಜಿನಲ್ಲಿ ಒಂದು ತಟ್ಟೆ ಬಡಿಸಿಡುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ನಾವು ಇದನ್ನು ಮಾಟ ಎನ್ನುವುದಾದರೆ ನಮ್ಮ ಅಡುಗೆಮನೆಯನ್ನೂ ಒಮ್ಮೆ ನೋಡಿಕೊಳ್ಳಬೇಕಾಗುತ್ತದೆ.

ಇವರ ಧರ್ಮ ಪುರಾತನವೇ? ಅಲ್ಲ. ಲೇಖಕರು ಇದನ್ನು ದೊಡ್ಡ ರಹಸ್ಯ ಬಯಲಿಗೆಳೆದಂತೆ ಬರೆದಿದ್ದಾರೆ, ಇಲ್ಲಿ ಅದು ಗುಟ್ಟೇ ಅಲ್ಲ. ವಿಕ್ಕಾವನ್ನು ಲೋಕಕ್ಕೆ ಪರಿಚಯಿಸಿದ್ದು ಜೆರಾಲ್ಡ್ ಗಾರ್ಡ್ನರ್. ಸಿಲೋನಿನಲ್ಲಿ, ಮಲಯದಲ್ಲಿ ತೋಟ ನೋಡಿಕೊಂಡು, ಸುಂಕದ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತನಾಗಿ ಬಂದ ಮನುಷ್ಯ. ಮಾಟದ ವಿರುದ್ಧದ ಹಳೆಯ ಕಾನೂನು 1951ರಲ್ಲಿ ರದ್ದಾಯಿತು, 1954ರಲ್ಲಿ ಅವನು ವಿಕ್ಕಾದ ಬಗ್ಗೆ ಪುಸ್ತಕ ತಂದ. ಎಂಟು ಹಬ್ಬಗಳನ್ನು ಒಂದೇ ಚಕ್ರವಾಗಿ ಜೋಡಿಸಿದ್ದು ಅವನೂ ಅವನ ಸ್ನೇಹಿತ, ಡ್ರೂಯಿಡ್ ರಾಸ್ ನಿಕೋಲ್ಸ್ ಸಹ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ಇದೆಲ್ಲವನ್ನೂ ದಾಖಲೆ ಸಮೇತ ಬರೆದಾಗ ಪೇಗನ್ನರಲ್ಲಿ ಒಂದಷ್ಟು ಜನ ಸಿಟ್ಟಾದರು, ಬಹಳಷ್ಟು ಜನ ಓದಿ ಒಪ್ಪಿಕೊಂಡರು. ‘ನಮ್ಮದು ಹೊಸದು, ಆದರೂ ನಮ್ಮದು’ ಎನ್ನುತ್ತಾರೆ ನನ್ನ ನರ್ಸ್. ಅಷ್ಟು ನೇರವಾಗಿ ಮಾತಾಡುವ ಯೋಗ ಗುರುಗಳು ನನಗೆ ಹೆಚ್ಚು ಸಿಕ್ಕಿಲ್ಲ.

ಲೇಖಕರ ಮುಖ್ಯ ಆಕ್ಷೇಪ, ಯೋಗದೊಳಗೆ ಪರದೇವತೆಗಳನ್ನು ತರುತ್ತಾರೆ ಎನ್ನುವುದು. ಇದು ನನ್ನ ತರಗತಿಯಲ್ಲೇ ನಡೆದಿದೆ. ಸೂರ್ಯನಮಸ್ಕಾರಕ್ಕೆ ಹನ್ನೆರಡು ನಾಮ ಹೇಳಿಕೊಡುತ್ತಿದ್ದಾಗ ಆ ನರ್ಸ್, ‘ಮಿತ್ರಾಯ, ರವಯೇ ಅನ್ನುವಲ್ಲಿ ನಾನು ಸುಲಿಸ್ ಹೆಸರು ಹೇಳಿದರೆ ನಿನಗೆ ಬೇಸರವೇ?’ ಎಂದು ಕೇಳಿದರು. ಸುಲಿಸ್ ಇಲ್ಲಿಗೆ ಹತ್ತಿರದ ಬಾತ್ ನಗರದ ಬಿಸಿನೀರಿನ ಬುಗ್ಗೆಯ ದೇವತೆ. ರೋಮನ್ನರು ಬಂದಾಗ ಅವಳನ್ನು ಓಡಿಸಲಿಲ್ಲ, ತಮ್ಮ ದೇವತೆ ಮಿನರ್ವ ಜೊತೆ ಸೇರಿಸಿ ಸುಲಿಸ್ ಮಿನರ್ವ ಎಂದು ಗುಡಿ ಕಟ್ಟಿದರು. ಭಕ್ತರು ಸೀಸದ ತಗಡಿನಲ್ಲಿ ಫಿರ್ಯಾದು ಬರೆದು ಆ ನೀರಿಗೆ ಎಸೆಯುತ್ತಿದ್ದರು. ಅಂಥ ಸುಮಾರು 130 ತಗಡುಗಳು ಸಿಕ್ಕಿವೆ. ಹೆಚ್ಚಿನವು ನನ್ನ ಮೇಲಂಗಿ ಕದ್ದವನನ್ನು ಬಿಡಬೇಡ, ನನ್ನ ದುಡ್ಡು ಕದ್ದವನಿಗೆ ನಿದ್ದೆ ಕೊಡಬೇಡ ಎಂಬ ಧಾಟಿಯವು. ದಕ್ಷಿಣ ಕನ್ನಡದಲ್ಲಿ ಕಳವಾದರೆ ದೈವದ ಮುಂದೆ ಹೋಗಿ ಹೇಳಿಕೊಳ್ಳುವವರಿಗೆ ಸುಲಿಸ್ ಪರಿಚಯ ಮಾಡಿಕೊಡುವುದೇ ಬೇಡ.

ನಾನು ಆಕೆಗೆ ಹೇಳಿದ್ದಿಷ್ಟು: ಹೇಳುವುದಾದರೆ ಹನ್ನೆರಡು ನಾಮವನ್ನೂ ಬಿಟ್ಟು ನಿಮ್ಮ ದೇವತೆಯ ಹೆಸರನ್ನೇ ಹೇಳಿ, ಅರ್ಧ ಅದು ಅರ್ಧ ಇದು ಬೇಡ. ನಾಳೆ ನೀವು ಇನ್ನೊಬ್ಬರಿಗೆ ಕಲಿಸುವಾಗ ಹೆಸರು ಬ್ರಿಟನ್ನಿನದು, ಭಂಗಿಗಳು ಭಾರತದವು, ಎರಡನ್ನೂ ಸೇರಿಸಿದ್ದು ನಾನು ಎಂದು ಬಾಯಿಬಿಟ್ಟು ಹೇಳಿ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದೆ. ಈ ಭಂಗಿಗಳ ಕ್ರಮವನ್ನು ಇಂದಿನ ರೂಪದಲ್ಲಿ ಮನೆಮನೆಗೆ ಮುಟ್ಟಿಸಿದವರು ಮಹಾರಾಷ್ಟ್ರದ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ್ ಪ್ರತಿನಿಧಿ, ಅದೂ 1920ರ ದಶಕದಲ್ಲಿ. ಅಂದರೆ ಗಾರ್ಡ್ನರನಿಗಿಂತ ಒಂದು ತಲೆಮಾರು ಹಿಂದೆ, ಅಷ್ಟೇ.

ಶಾಸ್ತ್ರಕ್ಕೆ ಇದು ವಿರೋಧವೆನ್ನುವವರು ಶಾಸ್ತ್ರ ತೆಗೆದು ನೋಡಲಿ. ಪತಂಜಲಿ ಮನಸ್ಸನ್ನು ನಿಲ್ಲಿಸುವ ದಾರಿಗಳನ್ನು ಒಂದೊಂದಾಗಿ ಹೇಳುತ್ತ ಬಂದು ‘ಯಥಾಭಿಮತಧ್ಯಾನಾದ್ವಾ’ ಎಂದುಬಿಡುತ್ತಾನೆ. ನಿನಗೆ ಯಾವುದು ಇಷ್ಟವೋ ಅದನ್ನೇ ಧ್ಯಾನಿಸು ಎಂದು. ಮುಂದಿನ ಪಾದದಲ್ಲಿ ‘ಸ್ವಾಧ್ಯಾಯಾದಿಷ್ಟದೇವತಾಸಂಪ್ರಯೋಗಃ’ ಎನ್ನುತ್ತಾನೆ. ಆ ಇಷ್ಟದೇವತೆ ಯಾವ ಸೀಮೆಯವಳಾಗಿರಬೇಕೆಂದು ಸೂತ್ರದಲ್ಲಿ ಇಲ್ಲ. 16ನೆಯ ಶತಮಾನದಲ್ಲಿ ಗ್ವಾಲಿಯರಿನ ಸೂಫಿ ಗುರು ಮಹಮ್ಮದ್ ಘೌಸ್ ಹಠಯೋಗದ ಗ್ರಂಥವೊಂದನ್ನು ಪಾರಸಿ ಭಾಷೆಗೆ ತಂದಾಗ ಮಂತ್ರಗಳಿಗೆ ಸಮನಾಗಿ ಅರಬಿಯ ದೇವನಾಮಗಳನ್ನು ಕೊಟ್ಟರು. ನನ್ನ ನರ್ಸ್ ಕೇಳಿದ ಪ್ರಶ್ನೆಯನ್ನು ಅವರು ನಾನೂರೈವತ್ತು ವರ್ಷದ ಹಿಂದೆಯೇ ಕೇಳಿಕೊಂಡು ಉತ್ತರವನ್ನೂ ಕಂಡುಕೊಂಡಿದ್ದರು.

ಇನ್ನು, ಯೋಗದಿಂದ ದೇವರನ್ನು ಪೂರ್ತಿ ತೆಗೆದುಹಾಕಿದ್ದರ ಬಗ್ಗೆ ನಮ್ಮಲ್ಲಿ ಯಾರೂ ಇಷ್ಟು ಸಿಟ್ಟಿನಿಂದ ಬರೆದದ್ದು ನಾನು ಕಂಡಿಲ್ಲ. 1960ರ ದಶಕದ ಕೊನೆಯಲ್ಲಿ ಲಂಡನ್ನಿನ ಶಿಕ್ಷಣ ಪ್ರಾಧಿಕಾರ ಸಂಜೆ ತರಗತಿಗಳಲ್ಲಿ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯ ಯೋಗಕ್ಕೆ ಒಪ್ಪಿಗೆ ಕೊಟ್ಟಿದ್ದು ಆಸನ, ಪ್ರಾಣಾಯಾಮ ಮಾತ್ರ ಕಲಿಸಿ, ತತ್ತ್ವದ ಮಾತು ಬೇಡ ಎಂಬ ಷರತ್ತಿನ ಮೇಲೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಯೋಗ ಕಲಿತವರ ವಿದ್ಯೆ ಇಂಗ್ಲೆಂಡಿನ ಊರೂರಿಗೆ ಮುಟ್ಟಿದ್ದು ಹೀಗೆ. ನನ್ನ ತರಗತಿಯಲ್ಲಿ ಬೆನ್ನುನೋವಿಗೆಂದು ಬರುವವರೇ ಹೆಚ್ಚು. ಮುಗಿದ ಕೂಡಲೇ ಚಾಪೆ ಸುತ್ತಿ ಕಾರು ಹತ್ತುತ್ತಾರೆ. ಭೂಮಿಗೆ ನಮಸ್ಕರಿಸಿ ಚಾಪೆ ಎತ್ತುವವರು ಈ ಪೇಗನ್ನರು ಮಾತ್ರ. ಕೆಡಿಸಿದವರು ಯಾರೆಂದು ಲೇಖಕರೇ ತೀರ್ಮಾನಿಸಲಿ.

ಅವರ ಲೇಖನವನ್ನು ಇಲ್ಲಿನ ಕೆಲವು ಪಾದ್ರಿಗಳು ಓದಿದ್ದರೆ ಸಂತೋಷಪಡುತ್ತಿದ್ದರು. ನನಗೇ ಒಂದು ಚರ್ಚಿನ ಸಭಾಂಗಣ ಕೊಡಲಿಲ್ಲ; ಯೋಗ ತಮ್ಮ ನಂಬಿಕೆಗೆ ಹೊಂದುವುದಿಲ್ಲವೆಂದು ಬಹಳ ವಿನಯದಿಂದ ಪತ್ರ ಬರೆದರು. 2007ರಲ್ಲಿ ಇದೇ ಸಾಮರ್ಸೆಟ್‌ನ ಟಾಂಟನ್ ಪಟ್ಟಣದಲ್ಲಿ ಎರಡು ಚರ್ಚುಗಳು ಪುಟ್ಟ ಮಕ್ಕಳ ಯೋಗ ತರಗತಿಗೂ ಬಾಗಿಲು ಮುಚ್ಚಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅವರ ಪ್ರಕಾರ ಯೋಗವೇ ಪೇಗನ್. ನಮ್ಮ ಲೇಖಕರ ಪ್ರಕಾರ ಪೇಗನ್ನರು ಯೋಗದ ಹತ್ತಿರ ಸುಳಿಯಬಾರದು. ಇಬ್ಬರ ಮಾತೂ ನಡೆದರೆ ನನ್ನ ಮಂಗಳವಾರದ ಸಂಜೆ ಬಿಡುವು.

ಹಾಗೆಂದು ಇಲ್ಲಿ ನಡೆಯುವುದೆಲ್ಲ ಸರಿಯೆಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಬೇರೆ ಕಡೆಯಿದೆ. ಗ್ಲಾಸ್ಟನ್‌ಬರಿಯ ಪೇಟೆ ಬೀದಿಯಲ್ಲಿ ನಡೆದರೆ ಅಂಗಡಿ ಅಂಗಡಿಯಲ್ಲೂ ಏಳು ಚಕ್ರಗಳ ಪಟ ನೇತಾಡುತ್ತದೆ: ಕೆಳಗಿನಿಂದ ಮೇಲಕ್ಕೆ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ಕಡುನೀಲಿ, ನೇರಳೆ. ಅದೇ ಬಣ್ಣದ ಮೇಣದಬತ್ತಿ, ಅದೇ ಬಣ್ಣದ ಕಲ್ಲು. ‘ಪ್ರಾಚೀನ ಭಾರತದ ಜ್ಞಾನ’ ಎಂದು ಕೆಳಗೆ ಬರೆದಿರುತ್ತದೆ. ಈಗ ಮೂಲ ನೋಡಿ. ಪಶ್ಚಿಮದವರಿಗೆ ಚಕ್ರಗಳನ್ನು ಪರಿಚಯಿಸಿದ್ದು ಬಂಗಾಳದ ಪೂರ್ಣಾನಂದ 16ನೆಯ ಶತಮಾನದಲ್ಲಿ ಬರೆದ ಷಟ್ಚಕ್ರನಿರೂಪಣ. ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಜಾನ್ ವುಡ್ರೋಫ್ ಅದನ್ನು 1919ರಲ್ಲಿ ಇಂಗ್ಲಿಷಿಗೆ ತಂದರು. ಅದರಲ್ಲಿ ಮೂಲಾಧಾರದ ದಳಗಳು ಕೆಂಪು, ಸ್ವಾಧಿಷ್ಠಾನದವು ಸಿಂಧೂರ. ಮಣಿಪೂರದ ದಳಗಳು ಹಳದಿಯಲ್ಲ, ನೀರು ತುಂಬಿದ ಮೋಡದ ಕಪ್ಪು. ಅನಾಹತ ಹಸಿರಲ್ಲ, ಬಂಧೂಕ ಹೂವಿನ ಕೆಂಪು. ವಿಶುದ್ಧ ಹೊಗೆಯ ಬಣ್ಣ. ಆಜ್ಞಾ ಚಂದ್ರನಂತೆ ಬಿಳುಪು. ಕಾಮನಬಿಲ್ಲಿನ ಕ್ರಮ ಅಲ್ಲೆಲ್ಲೂ ಇಲ್ಲ. ಅದು ಬೆಳೆದದ್ದು ಪೂರ್ವ, ಪಶ್ಚಿಮದ ಗೂಢವಿದ್ಯೆಗಳನ್ನು ಬೆರೆಸಿದ ಥಿಯಾಸಫಿ ಪಂಥದವರ ಕೈದಾಟಿ ಹೋದ ಮೇಲೆ, ಹರಡಿದ್ದು 1970ರ ದಶಕದ ಕ್ಯಾಲಿಫೋರ್ನಿಯಾದಿಂದ. 1987ರಲ್ಲಿ ಚಕ್ರಗಳ ಬಗ್ಗೆ ಬಹಳ ಮಾರಾಟವಾದ ಪುಸ್ತಕ ಬರೆದ ಅನೋಡಿಯಾ ಜುಡಿತ್ ಅಮೆರಿಕದ ಪೇಗನ್ ಸಂಸ್ಥೆಯೊಂದರ ಅಧ್ಯಕ್ಷೆಯಾಗಿದ್ದವರು. ಚಕ್ರ ಮತ್ತು ಪೇಗನ್ ಆಚರಣೆ ಒಂದರೊಳಗೊಂದು ಸೇರಿಕೊಂಡದ್ದು ಇಂಥವರ ಮೂಲಕ, ಹಗಲು ಬೆಳಕಿನಲ್ಲೇ.

ಆದರೆ ಆ ಪಟವನ್ನು ನಾನು ಕೊನೆಯ ಸಲ ದೊಡ್ಡದಾಗಿ ನೋಡಿದ್ದು ಗ್ಲಾಸ್ಟನ್‌ಬರಿಯಲ್ಲಲ್ಲ, ಬೆಂಗಳೂರಿನ ಯೋಗ ಕೇಂದ್ರವೊಂದರ ಗೋಡೆಯ ಮೇಲೆ. ಪಕ್ಕದಲ್ಲಿ ಪತಂಜಲಿಯ ವಿಗ್ರಹ. ಶಿಕ್ಷಕರು ಮಕ್ಕಳಿಗೆ ‘ಅನಾಹತ ಹಸಿರು’ ಎಂದು ಬಾಯಿಪಾಠ ಮಾಡಿಸುತ್ತಿದ್ದರು. ಸಂಪಾದಕರೇ, ಸರ್ಕಾರ ತಡೆಯುವುದಾದರೆ ಎಲ್ಲಿಂದ ಶುರು ಮಾಡಬೇಕು?

ಮೂಲ ಮುಚ್ಚಿಟ್ಟರೆ ಬರುವ ತೊಂದರೆ ಬಣ್ಣಕ್ಕೇ ನಿಲ್ಲುವುದಿಲ್ಲ. ನಮ್ಮ ಬಸ್ಸಿನ ಚಾಲಕ ಒಂದು ದಿನ ರೂನ್ ಯೋಗ ಕಲಿಸುತ್ತೀರಾ ಎಂದು ಕೇಳಿದ. ರೂನ್ ಎಂದರೆ ಉತ್ತರ ಯುರೋಪಿನ ಹಳೆಯ ಲಿಪಿ. ಒಂದೊಂದು ಅಕ್ಷರದ ಆಕಾರದಲ್ಲಿ ಕೈಕಾಲು ಇಟ್ಟು ನಿಂತು, ಅದರ ಹೆಸರನ್ನು ದೀರ್ಘವಾಗಿ ಉಚ್ಚರಿಸುವುದು. ವೈಕಿಂಗರು ಹೀಗೇ ಮಾಡುತ್ತಿದ್ದರೆಂದು ಅವನಿಗೆ ಯಾರೋ ಹೇಳಿದ್ದರು. ಇದು ವೈಕಿಂಗರದಲ್ಲ. ಜರ್ಮನಿಯಲ್ಲಿ 1920-30ರ ದಶಕಗಳಲ್ಲಿ ಫ್ರೀಡ್ರಿಶ್ ಮಾರ್ಬಿ, ಸೀಗ್‌ಫ್ರೀಡ್ ಕುಮರ್ ಎಂಬಿಬ್ಬರು ಕಟ್ಟಿದ್ದು. ಕುಮರ್ ಯೋಗ ಎಂಬ ಹೆಸರನ್ನೇ ಬಳಸಿದ. ಅವರ ಹಿಂದೆ ವಿಯೆನ್ನಾದ ಗೀಡೊ ಫಾನ್ ಲಿಸ್ಟ್ ಇದ್ದ. 1902ರಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ತನಗೆ ರೂನ್‌ಗಳ ರಹಸ್ಯ ಕಾಣಿಸಿತು ಎಂದವನು. ಅವನು ಕೊಟ್ಟ ಅಕ್ಷರಗಳು 18. ಆದರೆ ಕಲ್ಲು, ಕಬ್ಬಿಣದ ಮೇಲೆ ಸಿಗುವ ಅತಿ ಹಳೆಯ ರೂನ್ ಸಾಲಿನಲ್ಲಿ ಇರುವುದು 24, ವೈಕಿಂಗರ ಕಾಲದ್ದರಲ್ಲಿ 16. ಹದಿನೆಂಟರ ಸಾಲು ಲಿಸ್ಟ್‌ನ ಸ್ವಂತ. ಅದರ ಜೊತೆಗೆ ಆರ್ಯ ಜನಾಂಗದ ಶ್ರೇಷ್ಠತೆಯ ಹುಚ್ಚೂ ಇತ್ತು, ಶಿಷ್ಯರಿಗೂ ಅದು ಹತ್ತಿತ್ತು. ವಿಚಿತ್ರವೆಂದರೆ ಅದೇ ಹುಚ್ಚಿನ ನಾಜಿಗಳು ಮಾರ್ಬಿಯನ್ನು 1936ರಲ್ಲಿ ಹಿಡಿದು ಸೆರೆಶಿಬಿರಕ್ಕೆ ಹಾಕಿದರು, ಅವನು ಹೊರಗೆ ಬಂದದ್ದು 1945ರಲ್ಲಿ.

ಇದನ್ನೆಲ್ಲ ಹೇಳಿದಾಗ ಚಾಲಕನ ಮುಖ ಸಪ್ಪೆಯಾಯಿತು. ಕೈಕಾಲು ಚಾಚುವುದರಲ್ಲಿ ತಪ್ಪೇನಿಲ್ಲ, ಆದರೆ ಯಾರ ಮನೆಯಿಂದ ತಂದೆ ಎಂದು ಗೊತ್ತಿರಬೇಕಲ್ಲ ಎಂದೆ. ಅವನು ಈಗಲೂ ಬರುತ್ತಾನೆ. ಹಗ್ಗ ಕಟ್ಟಿ ಎಳೆದರೂ ಪಶ್ಚಿಮೋತ್ತಾನಾಸನ ಬರುವುದಿಲ್ಲ, ಅದು ಬೇರೆ ಮಾತು.

ದಿಕ್ಕಿನ ವಿಚಾರದಲ್ಲಿ ನಮ್ಮಲ್ಲಿ ಜಗಳವೇ ನಡೆಯುತ್ತದೆ. ಇವರು ಪೂಜೆಗೆ ಮುಂಚೆ ಪ್ರದಕ್ಷಿಣಾಕಾರದಲ್ಲಿ ಮಂಡಲ ಬಿಡಿಸಿ ನಾಲ್ಕು ದಿಕ್ಕಿಗೂ ನಮಸ್ಕರಿಸುತ್ತಾರೆ: ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ನೀರಿನ ವಿಷಯದಲ್ಲಿ ರಾಜಿಯಿದೆ, ವರುಣ ನಮಗೂ ಪಶ್ಚಿಮದವನೇ. ಆದರೆ ಬೆಂಕಿಯನ್ನು ಆಗ್ನೇಯದಿಂದ ಎತ್ತಿ ಯಮನ ದಿಕ್ಕಿನಲ್ಲಿ ಇಡುವುದನ್ನು ನಮ್ಮಮ್ಮ ನೋಡಿದ್ದರೆ ದೀಪ ಆರಿಸಿಬಿಡುತ್ತಿದ್ದರು. ಗ್ರಂಥಾಲಯದ ಹುಡುಗಿ ಪ್ರಾಣಾಯಾಮಕ್ಕೆ ಪೂರ್ವವನ್ನು ಆರಿಸಿಕೊಂಡಿದ್ದಾಳೆ, ಗಾಳಿಯ ದಿಕ್ಕೆಂದು. ನಾನೂ ಪೂರ್ವಕ್ಕೇ ಮುಖ ಮಾಡಿ ಕೂರುತ್ತೇನೆ, ಸೂರ್ಯನ ದಿಕ್ಕೆಂದು. ಕೂರುವ ಜಾಗ ಒಂದೇ ಆಗುವುದರಿಂದ ಮಾತು ಅಲ್ಲಿಗೆ ನಿಲ್ಲುತ್ತದೆ.

ಹುಣ್ಣಿಮೆಯದು ಇನ್ನೊಂದು ಕಥೆ. ಮೈಸೂರಿನ ಯೋಗ ಗುರು ಪಟ್ಟಾಭಿ ಜೋಯಿಸರ ಅಷ್ಟಾಂಗ ಪದ್ಧತಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಅಭ್ಯಾಸವಿಲ್ಲ. ಗೋಕುಲಂನಲ್ಲಿರುವ ಅವರ ಶಾಲೆಗೆ ಹೋಗಿಬಂದವರೆಲ್ಲ ಇದನ್ನು ಪಾಲಿಸುತ್ತಾರೆ. ಹುಣ್ಣಿಮೆಗೆ ಕೂಡಿ ಪೂಜೆ ಮಾಡುವ ವಿಕ್ಕಾದವರಿಗೆ ಇದು ಕೇಳಿ ಬಲು ಖುಷಿ. ಸಮುದ್ರದ ಉಬ್ಬರದಂತೆ ಮೈಯೊಳಗಿನ ನೀರೂ ಏರುತ್ತದೆಂಬ ವಿವರಣೆಯನ್ನು ಅವರೇ ನನಗೆ ಹೇಳಿಕೊಡುತ್ತಾರೆ. ನಾನು ನಮ್ಮ ತಂದೆ ಹೇಳುತ್ತಿದ್ದುದನ್ನು ಹೇಳುತ್ತೇನೆ: ಜೋಯಿಸರು ಓದಿದ್ದೂ ಪಾಠ ಹೇಳಿದ್ದೂ ಸಂಸ್ಕೃತ ಪಾಠಶಾಲೆಯಲ್ಲಿ, ಅಲ್ಲಿ ಆ ದಿನಗಳು ಅನಧ್ಯಯನ, ರಜ. ಉಬ್ಬರದ ಕಥೆಯ ಮುಂದೆ ರಜದ ಕಥೆ ಸಪ್ಪೆಯೇ. ಆದರೂ ಎರಡನ್ನೂ ಹೇಳಿ ಕೇಳುವವರ ಪಾಲಿಗೆ ಬಿಡುತ್ತೇನೆ.

ಬೆರಕೆ ಎಂದರೆ ಬೆಚ್ಚುವವರು ಜೂನ್ 21ನ್ನು ಏನು ಮಾಡುತ್ತಾರೋ. ವಿಶ್ವಸಂಸ್ಥೆ 2014ರ ಡಿಸೆಂಬರ್ 11ರಂದು, 177 ದೇಶಗಳ ಸಹಪ್ರಾಯೋಜನೆಯೊಂದಿಗೆ, ಅದನ್ನು ಯೋಗ ದಿನವೆಂದು ಸಾರಿತು. ವರ್ಷದ ಅತಿ ಉದ್ದದ ಹಗಲು ಎಂಬ ಕಾರಣ ಕೊಟ್ಟು ಆ ದಿನವನ್ನು ಆರಿಸಿದ್ದು ಭಾರತವೇ. ನಮ್ಮ ಪಂಚಾಂಗದಲ್ಲಿ ಅಂದು ಹಬ್ಬವಿಲ್ಲ, ದಕ್ಷಿಣಾಯನ ಶುರುವಾಗುವುದು ಜುಲೈ ನಡುವಿನ ಕರ್ಕಾಟಕ ಸಂಕ್ರಮಣಕ್ಕೆ. ಆದರೆ ಇಲ್ಲಿನ ಪುರಾತನ ಶಿಲಾವೃತ್ತ ಸ್ಟೋನ್‌ಹೆಂಜ್‌ನ ಕಲ್ಲುಗಳ ನಡುವೆ ಪೇಗನ್ನರೂ ಸೇರಿ ಸಾವಿರಾರು ಜನ ರಾತ್ರಿಯೆಲ್ಲ ಎಚ್ಚರವಿದ್ದು ಸೂರ್ಯ ಹುಟ್ಟುವುದನ್ನು ಕಾಯುವುದು ಅದೇ ಬೆಳಗ್ಗೆ. ನನ್ನ ಶಿಷ್ಯರು ಹೋದ ವರ್ಷ ಅಲ್ಲಿಂದ ನೇರ ಬಂದು ನಿದ್ದೆಗಣ್ಣಿನಲ್ಲೇ ಯೋಗ ದಿನಕ್ಕೆ ನಿಂತರು.

ನಮ್ಮ ಮೈಸೂರಿನ ಯೋಗವೂ ಹಲವು ಕಡೆಯಿಂದ ಬಂದು ಕೂಡಿದ್ದೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಅವುಗಳಲ್ಲಿ ಹಗ್ಗ ಹಿಡಿದು ಮಾಡುವ ಭಂಗಿಗಳಿವೆ, ಗರಡಿಮನೆಯ ದಂಡೆಯನ್ನು ನೆನಪಿಸುವಂಥವೂ ಇವೆ. ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಯೋಗಶಾಲೆ ನಡೆಸಿದ, ಅಯ್ಯಂಗಾರ್ ಮತ್ತು ಜೋಯಿಸರ ಗುರು ಕೃಷ್ಣಮಾಚಾರ್ಯರಿಗೆ ಈ ಹಿನ್ನೆಲೆಯೆಲ್ಲ ಕೈಗೆಟುಕುವ ದೂರದಲ್ಲಿತ್ತು. ಅವರು ತಮ್ಮ ‘ಯೋಗ ಮಕರಂದ’ವನ್ನು 1934ರಲ್ಲಿ ಪ್ರಕಟಿಸಿದ್ದು ಕನ್ನಡದಲ್ಲಿ. ಇಂದು ಜಗತ್ತಿನ ಜಿಮ್ಮು, ಗುಡಿ, ಪೇಗನ್ ಮಂಡಲಗಳಲ್ಲಿ ನಡೆಯುವ ಯೋಗದ ಒಂದು ದೊಡ್ಡ ಪಾಲು ಅಲ್ಲಿಂದ ಹೊರಟದ್ದು.

ಕಳೆದ ಸಲ ನಮ್ಮ ಗ್ರಂಥಾಲಯದ ಹುಡುಗಿ ಮೈಸೂರಿಗೆ ಹೊರಟಾಗ ಆ ಪುಸ್ತಕದ ಕನ್ನಡ ಪ್ರತಿ ಹುಡುಕಿ ತಾ ಎಂದು ಹೇಳಿ ಕಳಿಸಿದ್ದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಬೇಕಿದ್ದದ್ದು ನನಗೆ. ಪುಸ್ತಕದಂಗಡಿಗಳಲ್ಲಿ ಇಂಗ್ಲಿಷ್ ಅನುವಾದ ತೋರಿಸಿದರಂತೆ, ಕನ್ನಡದ್ದು ಕೇಳಿದ್ದಕ್ಕೆ ಒಬ್ಬರು ನಕ್ಕರಂತೆ. ಲೇಖಕರು ಸರ್ಕಾರವನ್ನು ಏನಾದರೂ ಕೇಳುವುದಿದ್ದರೆ, ಅದನ್ನು ಮತ್ತೆ ಅಚ್ಚು ಹಾಕಿಸಿ ಎಂದು ಕೇಳಲಿ, ನಾನೂ ಸಹಿ ಹಾಕುತ್ತೇನೆ. ಅಲ್ಲಿಯವರೆಗೆ, ನಿಮ್ಮ ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಪ್ರತಿಯಿದ್ದರೆ ದಯವಿಟ್ಟು ಪತ್ರಿಕೆಯ ಮೂಲಕ ತಿಳಿಸಿ. ಕೊಡಬೇಕಿಲ್ಲ. ತಂಗಿ ಬಂದು ಜೆರಾಕ್ಸ್ ಮಾಡಿಸಿಕೊಂಡು ಅಲ್ಲೇ ವಾಪಸ್ಸು ಕೊಡುತ್ತಾಳೆ, ಖರ್ಚು ನನ್ನದು.

ಇತಿ,
ಮೈಸೂರು ಮೂಲದ ಯೋಗ ಶಿಕ್ಷಕಿ,
ಸಾಮರ್ಸೆಟ್, ಇಂಗ್ಲೆಂಡ್